ಸುಂಕದವಳ ಕುಸ್ತಿ

ನನ್ನ ಹೆಂಡತಿಯನ್ನು ಮುಗಿಸಿಬಿಡುವ ಮಾತು ಮೊದಲು ಬಂದದ್ದು ಕುವೈತಿನ ಸುಲೈಬಿಯಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ, ಮೈನಸ್ ಹದಿನೆಂಟು ಡಿಗ್ರಿಯಲ್ಲಿ, ಹೆಪ್ಪುಗಟ್ಟಿದ ಕೋಳಿಯ ಪೆಟ್ಟಿಗೆಗಳ ನಡುವೆ. ಮಾತು ತೆಗೆದವನು ನಾನೇ. ನಾನು ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನೀಷಿಯನ್. ಎದುರಿಗೆ ನಿಂತಿದ್ದವನು ಅಲ್ಲಿನ ಸ್ಟೋರ್‌ಕೀಪರ್, ಬಿಜಾಪುರದ ಕಡೆಯವನು, ಐವತ್ತು ಕಿಲೋ ತೂಗುವ ಆಸಾಮಿ. ಕಂಪನಿ ಕೊಟ್ಟ ದಪ್ಪ ಜಾಕೆಟ್ಟಿನೊಳಗೆ ಅವನನ್ನು ಹುಡುಕಬೇಕಾಗುತ್ತಿತ್ತು. ನನ್ನ ಮಾತು ಕೇಳಿ ಅವನು ಗಾಬರಿಯಾಗಲಿಲ್ಲ.

“ಹೆಂಗ ಮುಗಸೂದು ಹೇಳ್ರಿ ಮೊದಲ. ವೈನಿ ಸರಳ ಸಾಯೂ ಪೈಕಿ ಅಲ್ಲ,” ಎಂದ. ನನ್ನ ಹೆಂಡತಿಯನ್ನು ಅವನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ.

ಓದುವವರು ಪೊಲೀಸರಿಗೆ ಫೋನ್ ಮಾಡುವ ಮೊದಲು ಹೇಳಿಬಿಡುತ್ತೇನೆ. ಸಾಯಬೇಕಾಗಿದ್ದದ್ದು ನನ್ನ ಹೆಂಡತಿಯಲ್ಲ, ಒಂದು ಆಟದಲ್ಲಿ ಆಕೆ ವಹಿಸಿದ್ದ ಪಾತ್ರ. ಆದರೂ ನಮ್ಮ ಉದ್ದೇಶ ಒಳ್ಳೆಯದಾಗಿತ್ತು ಎಂದು ನಾನು ವಾದಿಸುವುದಿಲ್ಲ.

ಕುವೈತಿನಲ್ಲಿ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾಗಿ ಸ್ವಲ್ಪ ಕಾಲವಾಗಿತ್ತು. ನನ್ನಂಥವರಿಗೆ ಅದರಿಂದ ಏನೂ ಬದಲಾಗಲಿಲ್ಲ, ನನಗಿದ್ದದ್ದು ಶುಕ್ರವಾರ ಒಂದೇ ರಜೆ. ಹನ್ನೊಂದು ವರ್ಷ ಆ ಶುಕ್ರವಾರಗಳು ಒಂದೇ ರೀತಿ ಕಳೆದಿದ್ದವು. ಊಟವಾದ ಮೇಲೆ ಫರ್ವಾನಿಯಾದ ನಮ್ಮ ಎರಡು ಕೋಣೆಯ ಮನೆಗೆ ಸ್ಟೋರ್‌ಕೀಪರ್ ಬರುತ್ತಿದ್ದ. ಅವನ ಹಿಂದೆಯೇ ಮಂಗಳೂರು ಕಡೆಯ ಕೊಂಕಣಿ ಸ್ನೇಹಿತರೊಬ್ಬರು ಬರುತ್ತಿದ್ದರು. ಅವರು ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಶುಕ್ರವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ, ಇಸ್ತ್ರಿ ಮುರಿಯದ ಅಂಗಿಯಲ್ಲಿಯೇ ಬಂದು ಕೂತುಬಿಡುವರು. ಮೂವರೂ ಊಟದ ಮೇಜಿನ ಮೇಲೆ ಇಸ್ಪೀಟು ಹರವಿಕೊಳ್ಳುತ್ತಿದ್ದೆವು. ಒಳಗೆ ನನ್ನ ಹೆಂಡತಿ ಮಿರ್ಚಿ ಭಜಿ ಕರಿಯುತ್ತಿದ್ದಳು. ನಾವು ಜೋರಾಗಿ ನಕ್ಕಾಗ ಅಡಿಗೆಮನೆಯಿಂದ, “ಏನಾತ್ರಿ?” ಎಂದು ಕೇಳುವಳು. “ಏನಿಲ್ಲ, ಚಾ ತಗೊಂಡು ಬಾ,” ಎಂದು ನಾನು ಹೇಳುವೆ. ಚಹಾ ಬರುತ್ತಿತ್ತು.

ಈ ಸುಖಕ್ಕೆ ಕಲ್ಲು ಹಾಕಿದವಳು ನನ್ನ ಮಗಳು. ಆಗ ಅವಳಿಗೆ ಹದಿನಾಲ್ಕು. ಶಾಲೆಯಲ್ಲಿ ಯಾರದೋ ಹತ್ತಿರ ಒಂದು ಆಟ ಕಲಿತು ಬಂದಳು. ಹಳೆಯ ಕಾಲದ ರಾಜರು, ಕೋಟೆ, ಕುದುರೆ ಸವಾರರು, ಮಾಟಗಾತಿಯರು ಇರುವ ಆಟ. ಬೋರ್ಡಿಲ್ಲ, ಕಾಯಿಗಳಿಲ್ಲ. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ತಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು, ಆದೀತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಅವಳ ಗೆಳತಿಯರೆಲ್ಲ ಸಾಲ್ಮಿಯಾ, ಫಹಾಹೀಲ್ ಎಂದು ದಿಕ್ಕಿಗೊಬ್ಬರಾಗಿದ್ದರು, ಶುಕ್ರವಾರ ಅವರನ್ನು ಕರೆತರುವ ಪುರುಸೊತ್ತು ಯಾವ ತಂದೆಗೂ ಇರಲಿಲ್ಲ. ಮನೆಯಲ್ಲೇ ಮೂರು ಗಂಡಸರು ಸುಮ್ಮನೆ ಕೂತಿರುವುದು ಅವಳ ಕಣ್ಣಿಗೆ ಬಿತ್ತು. ಮುಂದಿನ ವಾರ ಇಸ್ಪೀಟಿನ ಕಟ್ಟು ಕಪಾಟು ಸೇರಿತು.

ನಾನು ಒಬ್ಬ ಸರದಾರನಾದೆ. ಸ್ಟೋರ್‌ಕೀಪರ್ ರಾಜ್ಯದ ಅತಿ ಬಲಿಷ್ಠ ಯೋಧನಾದ, ಮೈತುಂಬ ಕಬ್ಬಿಣದ ಕವಚದವನು. ಕವಚ ಎಂದಷ್ಟೇ ಬರೆದುಕೊಳ್ಳಲು ಮಗಳು ಹೊರಟಾಗ ಅವನು ಒಪ್ಪಲಿಲ್ಲ. ಶಿರಸ್ತ್ರಾಣ ಒಂದು, ಎದೆಗವಚ ಒಂದು, ತೋಳಿಗೆ ಎರಡು, ಮೊಣಕಾಲಿಗೆ ಎರಡು ಎನ್ನುತ್ತ ಹನ್ನೊಂದು ಐಟಮ್ಮುಗಳ ಪಟ್ಟಿ ಬರೆಸಿದ. ಸ್ಟೋರ್‌ಕೀಪರನ ಬುದ್ಧಿ. ಕೊಂಕಣಿ ಸ್ನೇಹಿತರು ಯಾವ ಶೌರ್ಯವನ್ನೂ ಬಯಸದೆ ಗಲ್ಲಿಗೇರಿಸುವವನ ಕೆಲಸ ಕೇಳಿದರು. “ಇಡೀ ವಾರ ಜನರ ರಕ್ತ ತೆಗೆದು ನನಗೆ ಅಭ್ಯಾಸ ಉಂಟು ಮಾರಾಯ್ರೆ,” ಎಂದರು. ಮಗಳು ಇಂಗ್ಲಿಷಿನಲ್ಲಿ ಕಥೆ ಹೇಳುವಳು, ನಾವು ನಮ್ಮ ನಮ್ಮ ಕನ್ನಡದಲ್ಲಿ ಕತ್ತಿ ಬೀಸುವೆವು. ಭಜಿ ಎಂದಿನಂತೆ ಬರುತ್ತಿತ್ತು. ಅದಕ್ಕಾಗಿ ಮಗಳು ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಒಂದು ನಿಯಮ ಬರೆದು ಅಡಿಗೆರೆ ಎಳೆದಿದ್ದಳು: ಎಣ್ಣೆ ಕೈಯಲ್ಲಿ ಯಾರೂ ದಾಳ ಮುಟ್ಟಬಾರದು, ಮುಟ್ಟಿದರೆ ಆ ಸರದಿ ಹೋಯಿತು. ದಾಳ ಗೆಳತಿಯಿಂದ ಎರವಲು ತಂದದ್ದು.

ಒಂದು ಶುಕ್ರವಾರ ಸ್ಟೋರ್‌ಕೀಪರನಿಗೆ ಸ್ಟಾಕ್ ತಪಾಸಣೆ ಬಿತ್ತು. ಒಬ್ಬರು ಕಡಿಮೆಯಾದರು. ಮಗಳು ಅಡಿಗೆಮನೆಗೆ ಹೋಗಿ ತಾಯಿಯನ್ನು ಎಳೆದುಕೊಂಡು ಬಂದಳು. ಹೆಂಡತಿ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೂತು, “ಅಡಿಗಿ ಮಾಡೂ ಪಾತ್ರ ಒಂದ್ ಬಿಟ್ಟು ಯಾವುದರ ಕೊಡು,” ಎಂದಳು.

ಅವಳಿಗೆ ಸಿಕ್ಕಿದ್ದು ನದಿಯ ಸೇತುವೆಯ ಮೇಲೆ ಸುಂಕ ವಸೂಲಿ ಮಾಡುವ ಮುದುಕಿಯ ಪಾತ್ರ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂದು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಸುಂಕದವಳ ಮುಂದೆ ಹೇಳಿಕೊಂಡರೆ ಏನಾಗುತ್ತದೆಂದು ನಮಗೆ ಮೂವರಿಗೆ ಗೊತ್ತಾಯಿತು. ಆ ರಾಜ್ಯದಲ್ಲಿ ಎಲ್ಲಿಗೆ ಹೋಗಬೇಕಾದರೂ ಅವಳ ಸೇತುವೆ ದಾಟಬೇಕು. ಅವಳಿಗೆ ನಾಣ್ಯ ಬೇಡ, ವಸ್ತುವೇ ಬೇಕು. ಮೊದಲ ವಾರ ನನ್ನ ಗುರಾಣಿ ಹೋಯಿತು. ಕೊಂಕಣಿ ಸ್ನೇಹಿತರ ನೇಣುಹಗ್ಗ ಹೋಯಿತು. ಹಗ್ಗವಿಲ್ಲದ ಮೇಲೆ ಅವರು ಯಾರನ್ನೂ ಗಲ್ಲಿಗೇರಿಸುವಂತಿಲ್ಲ. ಮರುವಾರ ಸ್ಟೋರ್‌ಕೀಪರ್ ಮರಳಿ ಬಂದ, ಆದರೆ ಹೆಂಡತಿ ಏಳಲಿಲ್ಲ. ಮಗಳು ಮತ್ತೊಂದು ಕುರ್ಚಿ ಹಾಕಿದಳು. ಅವತ್ತು ಅವನ ಕುದುರೆ ಹೋಯಿತು.

“ಕುದುರಿ ಇಲ್ಲೆ ಕಟ್ಟಿ ಹೋಗ್ರಿ. ಬರೂ ಮುಂದ ಒಯ್ರಿ,” ಎಂದಿದ್ದಳು. ಅವನು ಡ್ರ್ಯಾಗನ್ ಒಂದನ್ನು ಕೊಂದು, ಕುಂಟುತ್ತ ಮರಳಿ ಬಂದು ಕುದುರೆ ಕೇಳಿದ. ಅವಳು ಕಣ್ಣು ಕೂಡ ಮಿಟುಕಿಸದೆ, “ಯಾವ ಕುದುರಿ?” ಎಂದಳು. ಮಗಳು ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು. ಅಮ್ಮನೂ ಮಗಳೂ ಹಾಗೆ ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಯಾವಾಗ ಕಂಡಿದ್ದೆನೋ ನೆನಪಿಲ್ಲ. ನನ್ನ ವೀಸಾದ ನೆರಳಿನಲ್ಲಿ ಈ ಊರಿಗೆ ಬಂದವಳು ಅವಳು. ಇಲ್ಲಿ ಕೆಲಸ ಮಾಡುವಂತಿಲ್ಲ, ಮನೆಯ ಹೊರಗೆ ಪರಿಚಯವಿದ್ದದ್ದು ತರಕಾರಿ ಅಂಗಡಿಯವನೊಬ್ಬ. ಆ ಮೇಜಿನ ಮುಂದೆ ಅವಳ ದನಿಯೇ ಬೇರೆಯಾಗುತ್ತಿತ್ತು. ಅದನ್ನು ನಾನು ಗಮನಿಸಿದೆ, ಸಂತೋಷವೂ ಆಯಿತು.

ಆದರೆ ಭಜಿ ನಿಂತುಹೋಯಿತು.

ಮೊದಲ ವಾರ ಬಿಸ್ಕತ್ತಿನಲ್ಲಿ ಕಳೆಯಿತು. ಎರಡನೆಯ ವಾರ ಕೊಂಕಣಿ ಸ್ನೇಹಿತರು ಬರುವಾಗ ದಾರಿಯಲ್ಲಿ ಖುಬುಸ್ ರೊಟ್ಟಿ ಮತ್ತು ಕಡಲೆ ಅರೆದು ಕರಿದ ಫಲಾಫಲ್ ಕಟ್ಟಿಸಿಕೊಂಡು ಬಂದರು. ಫಲಾಫಲ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಸಿದವನು ತಿನ್ನಬಹುದು. ಆದರೆ ಕಡಲೆಹಿಟ್ಟಿನ ಅಂಗಿ ತೊಟ್ಟು, ಹೊಟ್ಟೆಯಲ್ಲಿ ಜೀರಿಗೆ-ಉಪ್ಪು ತುಂಬಿಸಿಕೊಂಡು, ಎಣ್ಣೆಯಿಂದ ಆಗಷ್ಟೇ ಎದ್ದು ಬಂದ ಮೆಣಸಿನಕಾಯಿಯ ಮುಂದೆ ಅದನ್ನು ಇಡುವುದು ಅನ್ಯಾಯ. ಐದನೆಯ ವಾರದ ಹೊತ್ತಿಗೆ ನಾವು ಮೂವರೂ ಸಿಡುಕರಾಗಿದ್ದೆವು. ಒಂದು ಸಲ ಕೊಂಕಣಿ ಸ್ನೇಹಿತರು, “ಅಕ್ಕ ಪೋಡಿ ಮಾಡುದು ಬಿಟ್ಟೇಬಿಟ್ರಾ ಎಂತ?” ಎಂದು ನನ್ನ ಕಿವಿಯಲ್ಲಿ ಕೇಳಿದರು. ಅವರ ಊರಲ್ಲಿ ಭಜಿಗೆ ಪೋಡಿ ಎನ್ನುತ್ತಾರೆ. ಭಜಿ ಮಾಡು ಎಂದು ಬಾಯಿಬಿಟ್ಟು ಹೇಳಿದರೆ, ನೀವೇ ಮಾಡಿಕೊಳ್ಳಿ ಎಂಬ ಮಾತು ಬರುವ ಅಪಾಯವಿತ್ತು.

ಹಾಗಾಗಿ ಕೋಲ್ಡ್ ಸ್ಟೋರೇಜಿನ ಆ ಸಂಚು. ರಾಜನ ಮುದ್ರೆಯುಂಗುರ ಕಳುವಾಗಬೇಕು, ಸುಂಕದ ಕಟ್ಟೆಯ ಕೆಳಗೆ ಸಿಗಬೇಕು, ಮುದುಕಿಯನ್ನು ಕಳ್ಳಿ ಎಂದು ತೀರ್ಮಾನಿಸಿ ಆಟದಿಂದ ತೆಗೆಯಬೇಕು. ಪಾತ್ರ ಹೋದ ಮೇಲೆ ಮೇಜಿನ ಮುಂದೆ ಕೂತು ಅವಳೇನು ಮಾಡುತ್ತಾಳೆ? ಎದ್ದು ಅಡಿಗೆಮನೆಗೆ ಹೋಗುತ್ತಾಳೆ. ಸಂಚು ಎಂದರೆ ಇಷ್ಟೇ. ಆಟದಲ್ಲಿ ಗುಟ್ಟಿನ ಕೆಲಸಗಳನ್ನು ಚೀಟಿಯಲ್ಲಿ ಬರೆದು ಮಗಳಿಗೆ ಕೊಡಬಹುದಿತ್ತು. ಉಂಗುರ ಕದ್ದು ಸುಂಕದ ಕಟ್ಟೆಯಲ್ಲಿ ಬಚ್ಚಿಡುತ್ತೇನೆಂದು ನಾನು ಬರೆದುಕೊಟ್ಟೆ. ಅವಳು ಓದಿ ನನ್ನನ್ನೇ ನೋಡಿದಳು.

“ಅಮ್ಮಗ ಹೇಳ್ತಿಯೇನು?” ಎಂದು ಪಿಸುಗುಟ್ಟಿದೆ.

ಈ ಆಟದಲ್ಲಿ ತಾನು ದೇವರ ಜಾಗದಲ್ಲಿರುವವಳು, ದೇವರು ಚಾಡಿ ಹೇಳುವುದಿಲ್ಲ ಎಂದಳು ಇಂಗ್ಲಿಷಿನಲ್ಲಿ. ಚೀಟಿಯನ್ನು ಮಡಚಿ ನೋಟ್‌ಬುಕ್ಕಿನಲ್ಲಿಟ್ಟಳು.

ಮುಂದಿನ ಶುಕ್ರವಾರ ಉಂಗುರ ಸಿಕ್ಕಿತು. ನಾನು ಎದ್ದುನಿಂತು, ಗಂಟಲು ಸರಿಪಡಿಸಿಕೊಂಡು ಆರೋಪ ಹೊರಿಸಿದೆ. ಕೊಂಕಣಿ ಸ್ನೇಹಿತರು ನ್ಯಾಯಾಧೀಶರಾಗಲು ಸಿದ್ಧರಾಗಿಯೇ ಬಂದಿದ್ದರು, ಹೊಸ ಕನ್ನಡಕ ಕೂಡ ಹಾಕಿಕೊಂಡಿದ್ದರು. ಹೆಂಡತಿ ಅವರನ್ನು ಆಪಾದಮಸ್ತಕ ನೋಡಿದಳು.

“ಇವ್ರು ನ್ಯಾಯ ಹೇಳಾವ್ರು? ಇವ್ರ ಹಗ್ಗ ನನ್ನ ಕಟ್ಟಿ ಮ್ಯಾಲ ಐತಿ. ನನ್ನ ಮ್ಯಾಲ ಸಿಟ್ಟಿದ್ದವ್ರು ನನಗ ಹೆಂಗ ನ್ಯಾಯ ಹೇಳ್ತಾರ?”

ಮಗಳು ನೋಟ್‌ಬುಕ್ ತೆರೆದು ರಾಜ್ಯದ ಕಾನೂನು ಓದಿದಳು. ನ್ಯಾಯಾಧೀಶರ ಮೇಲೆ ನಂಬಿಕೆಯಿಲ್ಲದ ಆರೋಪಿ ಕಾಳಗದ ನ್ಯಾಯ ಕೇಳಬಹುದು. ಆರೋಪಿಯೂ ಆರೋಪ ಹೊರಿಸಿದ ಕಡೆಯವರೂ ಹೋರಾಡಬೇಕು. ಯಾರ ಮಾತು ನಿಜವೋ ಅವರನ್ನು ದೇವರು ಗೆಲ್ಲಿಸುತ್ತಾನೆ.

“ಹಂಗಾದ್ರ ಕುಸ್ತಿನ ಆಗ್ಲಿ,” ಎಂದಳು ನನ್ನ ಹೆಂಡತಿ, ಇವತ್ತು ಹುಳಿಗೆ ಬದನೆಕಾಯಿ ಆಗಲಿ ಎಂಬಷ್ಟು ಸಲೀಸಾಗಿ.

ನಮಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಸುಂಕದ ಮುದುಕಿಯ ಬಲ ನೋಟ್‌ಬುಕ್ಕಿನಲ್ಲಿ ಮೂರು ಎಂದಿತ್ತು, ಸ್ಟೋರ್‌ಕೀಪರನ ಯೋಧನದು ಹದಿನೆಂಟು. ಕಾಳಗ ಹೇಗೆ ನಡೆಯಬೇಕೆಂದು ಒಂದು ವಾರದಲ್ಲಿ ಬರೆದು ತರಬೇಕು, ಎರಡೂ ಕಡೆಯವರು ಒಪ್ಪಿ ಸಹಿ ಹಾಕಬೇಕು ಎಂದು ಮಗಳು ಆಜ್ಞೆ ಮಾಡಿದಳು.

ಆ ವಾರ ನಾನು ಕಂಪನಿಗೆ ಮಾಡಿದ ಕೆಲಸ ಬಹಳ ಕಡಿಮೆ. ಕೋಲ್ಡ್ ಸ್ಟೋರೇಜಿನ ಉಷ್ಣತೆ ಗುರುತಿಸುವ ಯಂತ್ರಕ್ಕೆ ದುಂಡನೆಯ ಒಂದು ಕಾಗದ ಹಾಕುತ್ತಾರೆ. ವಾರವಿಡೀ ಅದು ಮೆಲ್ಲಗೆ ಸುತ್ತುತ್ತ ಇರುತ್ತದೆ, ಪೆನ್ನು ಅದರ ಮೇಲೆ ಗೆರೆ ಎಳೆಯುತ್ತದೆ. ಹಳೆಯ ಕಾಗದದ ಬೆನ್ನಿನ ಮೇಲೆ ನಾನೂ ಸ್ಟೋರ್‌ಕೀಪರನೂ ಕಾಳಗದ ಷರತ್ತಿನ ಕಲಮುಗಳನ್ನು ಬರೆದೆವು. ಕಾಳಗ ಸೇತುವೆಯ ಮೇಲೆ. ಮುದುಕಿ ತಾನೇ ಹೋರಾಡಬೇಕು, ತನ್ನ ಪರವಾಗಿ ಯಾರನ್ನೂ ಕಳಿಸುವಂತಿಲ್ಲ. ನಮ್ಮ ಪರವಾಗಿ ರಾಜ್ಯದ ಅತಿ ಬಲಿಷ್ಠ ಯೋಧ. ಮಧ್ಯದಲ್ಲಿ ಮಾಟ-ಮಂತ್ರ ಇಲ್ಲ. ಕೊನೆಯದು ನನ್ನ ಕಲಮು: ಮುದುಕಿ ಸೋತರೆ ಮೇಜು ಬಿಟ್ಟು ಏಳಬೇಕು, ಈ ರಾಜ್ಯದ ಕಥೆ ಮುಗಿಯುವವರೆಗೆ ಮತ್ತೆ ಕೂರುವಂತಿಲ್ಲ. ಮಗಳ ನೋಟ್‌ಬುಕ್ಕಿನಲ್ಲಿ ಇನ್ನೂ ನೂರೈವತ್ತು ಪುಟ ಖಾಲಿ ಇದ್ದವು, ಅಂದರೆ ಬೇಸಿಗೆಯವರೆಗೂ ಭಜಿಗೆ ಅಭಯ.

ಜಹ್ರಾಕ್ಕೆ ಫೋನ್ ಮಾಡಿ ಓದಿ ಹೇಳಿದೆ. ಕೊಂಕಣಿ ಸ್ನೇಹಿತರಿಗೆ ಮನಸ್ಸಾಕ್ಷಿ ಸ್ವಲ್ಪ ಚುಚ್ಚಿತು.

“ಅಲ್ಲ ಮಾರಾಯ್ರೆ, ಅಕ್ಕನ ಹತ್ರ ನೇರ ಕೇಳಿದ್ರೆ ಆಗುದಿಲ್ವಾ? ಒಂದು ಪ್ಲೇಟು ಪೋಡಿ ಅಲ್ವಾ?”

“ಕೇಳ್ರಿ ಹಂಗಾದ್ರ. ಕರೀಲೇನು ಆಕೀನ್ನ?”

“ಬೇಡ, ಕಾಳಗವೇ ಆಗ್ಲಿ,” ಎಂದು ಫೋನ್ ಇಟ್ಟರು.

ಗುರುವಾರ ಸಂಜೆ ಕೆಲಸ ಮುಗಿಸಿ ಬರುವಾಗ ಸ್ಟೋರ್‌ಕೀಪರನನ್ನೂ ಜೊತೆಗೆ ಕರೆತಂದು, ಆ ದುಂಡು ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟೆ. ಸಾಲುಗಳು ಸುತ್ತಲೂ ಓಡಿದ್ದರಿಂದ ಅವಳು ಅದನ್ನು ರೊಟ್ಟಿ ತಿರುವಿದ ಹಾಗೆ ತಿರುಗಿಸುತ್ತ ಓದಿದಳು. ಕೊನೆಯ ಕಲಮಿನ ಹತ್ತಿರ ಅವಳ ಬೆರಳು ನಿಂತಿತು. ಅದನ್ನು ಎರಡು ಸಲ ಓದಿದಳೆಂದು ಕಾಣುತ್ತದೆ. ಆಮೇಲೆ ತನ್ನದೂ ಮೂರು ಮಾತುಗಳಿವೆ ಎಂದಳು.

ಇಲ್ಲಿ ನಾನು ಅವಳ ತವರಿನ ವಿಷಯ ಹೇಳಬೇಕು. ನನ್ನ ಮಾವ ಅಥಣಿ ಕಡೆಯ ಒಂದು ಗರಡಿಯ ಉಸ್ತಾದ್ ಆಗಿದ್ದರು. ನೂರಾರು ಹುಡುಗರಿಗೆ ಪಟ್ಟು ಕಲಿಸಿದವರು. ಗರಡಿಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ, ಆದರೆ ಕುಸ್ತಿ ಇದ್ದಲ್ಲೆಲ್ಲ ಅವರು ಚಿಕ್ಕ ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಕಣದ ಅಂಚಿನಲ್ಲಿ ತಂದೆಯ ಪಕ್ಕದಲ್ಲಿ ಕೂತು ಬೆಳೆದವಳು ಅವಳು. ಇದೆಲ್ಲ ನನಗೆ ಗೊತ್ತಿತ್ತು. ಮದುವೆಯ ಹೊತ್ತಿನಲ್ಲಿ ಗೊತ್ತು ಮಾಡಿಕೊಂಡು, ಆಮೇಲೆ ಗಂಡಂದಿರು ಮರೆಯುವ ರೀತಿಯಲ್ಲಿ ಮರೆತಿದ್ದೆ.

“ಒಂದು, ಕಣದ ರಿವಾಜು ಪಾಲಸಬೇಕು,” ಎಂದಳು.

“ಅದೇನ್ ಹೇಳೂದ್ರಿ ವೈನಿ, ಕಣ ಅಂದಮ್ಯಾಲ ರಿವಾಜು ಇರಬೇಕಲ್ಲ,” ಎಂದ ಸ್ಟೋರ್‌ಕೀಪರ್. ಕುಸ್ತಿ ಎಂದರೆ ಅವನಿಗೂ ಜೀವ.

“ಎರಡು, ಹೊತ್ತು ಮುಳಗೂದರೊಳಗ ನನ್ನ ಬೆನ್ನು ಮಣ್ಣಿಗೆ ಹತ್ತಬೇಕು. ಹತ್ತಲಿಲ್ಲಂದ್ರ ನಾ ಕಳ್ಳಿ ಅಲ್ಲ. ಕಳ್ಳಿ ಅಂತ ಅಂದಾವ್ರು ನೀವು, ಕೆಡವೂದು ನಿಮ್ಮ ಕೆಲಸ.”

ಹೊತ್ತು ಮುಳುಗಿತೆಂದು ಹೇಗೆ ತಿಳಿಯುವುದು ಎಂದು ಮಗಳು ಕೇಳಿದಳು. ಹಿಂದಿನ ಬೀದಿಯ ಮಸೀದಿಯಲ್ಲಿ ಮಗ್ರಿಬ್ ಬಾಂಗು ಆಗುತ್ತದಲ್ಲ, ಅದೇ ಗಂಟೆ ಎಂದಳು ಹೆಂಡತಿ. ಸ್ಟೋರ್‌ಕೀಪರ್ ಮನಸ್ಸಿನಲ್ಲೇ ಲೆಕ್ಕ ಹಾಕಿ ನನಗೆ ಕಣ್ಣು ಹೊಡೆದ. ಮೂರರ ಬಲವನ್ನು ಹದಿನೆಂಟರ ಬಲ ಕೆಡವಲು ಎರಡು ತಾಸು ಧಾರಾಳವಾಗಿತ್ತು.

“ಮೂರನೇದ್ದು. ನಾ ಸೋತ್ರ ಈ ಕುರ್ಚಿಯಿಂದ ಏಳ್ತೀನಿ. ನೀವು ಸೋತ್ರ?”

ಅದನ್ನು ನಾವು ಯೋಚಿಸಿಯೇ ಇರಲಿಲ್ಲ. “ನಾ ಏಳ್ತೀನಿ,” ಎಂದೆ ನಗುತ್ತ. ಅವಳು ನಗಲಿಲ್ಲ. ಅದನ್ನೂ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಂಡಳು.

ಚಳಿಗಾಲ. ಐದು ಗಂಟೆಯೊಳಗೇ ಸೂರ್ಯ ಮುಳುಗುವ ದಿನಗಳು. ಶುಕ್ರವಾರ ಮೂರಕ್ಕೆ ಸರಿಯಾಗಿ ಕಾಳಗ ಶುರುವಾಯಿತು. ಮಗಳು ಸೇತುವೆ, ಮಂಜು, ಸೇರಿದ ಜನ ಎಲ್ಲವನ್ನೂ ಬಣ್ಣಿಸಿ, ಮೊದಲ ನಡೆ ಯೋಧನದು ಎಂದಳು. ಸ್ಟೋರ್‌ಕೀಪರ್ ದಾಳ ಕೈಗೆತ್ತಿಕೊಂಡ.

“ಕಣಕ್ಕ ನಮಸ್ಕಾರ ಆತೇನು?” ಎಂದಳು ಹೆಂಡತಿ.

ಅವನು ದಾಳವನ್ನು ಕೆಳಗಿಟ್ಟ. “ಖರೇನ, ತಪ್ಪಾತು,” ಎಂದ. ಇಬ್ಬರೂ ನಮಸ್ಕಾರ ಮಾಡಿದರು, ಒಂದು ಸರದಿ ಹೋಯಿತು. ಹಿಡಿ ಮಣ್ಣು ತೆಗೆದುಕೊಂಡು ಒಬ್ಬರು ಇನ್ನೊಬ್ಬರ ಮೈಗೆ ಹಚ್ಚಿದರು, ಇನ್ನೊಂದು ಸರದಿ. ಕಲ್ಲಿನ ಸೇತುವೆಯ ಮೇಲೆ ಮಣ್ಣೆಲ್ಲಿಂದ ಬಂತು ಎಂದು ನಾನು ತಕರಾರು ತೆಗೆದೆ. ನದಿಯ ದಂಡೆಯಿಂದ ಬುಟ್ಟಿಯಲ್ಲಿ ತರಿಸಬೇಕು ಎಂದು ದೇವರ ಜಾಗದಲ್ಲಿದ್ದವಳು ತೀರ್ಪು ಕೊಟ್ಟಳು. ಅದಕ್ಕೆ ಮೂರು ಸರದಿ. ನಾನೇ ಕಾಲು ಜಾರಿ ಬಾವಿಗೆ ಬಿದ್ದಂತಾಯಿತು.

“ಮತ್ತ, ಕಬ್ಬಿಣ ಹಾಕ್ಕೊಂಡು ಯಾರ್ ಬರ್ತಾರ ಕಣಕ್ಕ? ಕಾಲಾಗ ಬೂಟು ಬ್ಯಾರೆ,” ಎಂದಳು.

ನಾನು ಸ್ಟೋರ್‌ಕೀಪರನ ಕಾಲನ್ನು ಮೇಜಿನ ಕೆಳಗೆ ಒದ್ದೆ. ಒಪ್ಪಬೇಡ ಎಂದರ್ಥ. ಅವನಿಗೆ ಅದು ತಿಳಿಯಿತು, ಆದರೂ ಅವನ ಮುಖ ನೋಡುವಂತಿತ್ತು. ಬೂಟು ಹಾಕಿಕೊಂಡು ಕಣದ ಮಣ್ಣು ತುಳಿಯುವುದೆಂದರೆ ಅವನ ಮಟ್ಟಿಗೆ ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. ಆಟದಲ್ಲಿ ಕುದುರೆ ಕಳೆದುಕೊಂಡಾಗಲೂ ಅವನು ಇಷ್ಟು ಸಂಕಟಪಟ್ಟಿರಲಿಲ್ಲ.

“ನೀವ ಒದ್ರ ಏನ್ ಬಂತ್ರಿ? ವೈನಿ ಹೇಳೂದು ರಿವಾಜು ಐತಿ,” ಎಂದು ಎಲ್ಲರಿಗೂ ಕೇಳುವಂತೆ ನನಗೆ ಹೇಳಿ, ಯೋಧನ ಶಿರಸ್ತ್ರಾಣ ತೆಗೆದ.

ಮಗಳು ನೋಟ್‌ಬುಕ್ಕಿನ ಪಟ್ಟಿ ತೆಗೆದಳು. ಹನ್ನೊಂದು ಐಟಂ, ಬೇರೆ ಬೇರೆ ಬರೆದದ್ದು. ಆದ್ದರಿಂದ ಹನ್ನೊಂದು ಸರದಿ. ಪ್ರತಿಯೊಂದಕ್ಕೂ ಬಿಗಿದ ಚರ್ಮದ ಪಟ್ಟಿ ಬಿಚ್ಚಿಕೊಂಡಿತೋ ಇಲ್ಲವೋ ಎಂದು ದಾಳ. ಎಡಗಾಲಿನ ಬೂಟು ಮೂರು ಸಲ ದಾಳ ಉರುಳಿಸಿದರೂ ಬಿಚ್ಚಲಿಲ್ಲ. ಕೊಂಕಣಿ ಸ್ನೇಹಿತರು ಕೈಗಡಿಯಾರ ನೋಡಿ, “ಇದೆಂತ ಮಾರಾಯ್ರೆ, ಇವರು ಯುದ್ಧಕ್ಕೆ ಬಂದದ್ದಾ ಸ್ನಾನಕ್ಕೆ ಬಂದದ್ದಾ?” ಎಂದರು. ಕೊನೆಗೆ ರಾಜ್ಯದ ಅತಿ ಬಲಿಷ್ಠ ಯೋಧ ಲಂಗೋಟಿಯಲ್ಲಿ ಸೇತುವೆಯ ಮೇಲೆ ನಿಂತಾಗ ನಾಲ್ಕು ದಾಟಿತ್ತು.

ಆದರೂ ಅವನು ಹದಿನೆಂಟರ ಬಲದವನೇ. ಕುಸ್ತಿಯ ಮೊದಲ ಪಟ್ಟಿಗೇ ಹತ್ತೊಂಬತ್ತು ಬಿತ್ತು. ಹೆಂಡತಿಗೆ ಬಿದ್ದದ್ದು ಎರಡು. ನಾನು ಕುರ್ಚಿಯಿಂದ ಅರ್ಧ ಎದ್ದೆ.

“ಬೆನ್ನು ಹತ್ತೈತೇನು ಮಣ್ಣಿಗೆ?” ಎಂದು ಅವಳು ಸ್ಟೋರ್‌ಕೀಪರನನ್ನೇ ಕೇಳಿದಳು.

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ಇಲ್ರಿ. ಬೋರಲ ಬಿದ್ದೀರಿ.”

ಬೋರಲು ಬಿದ್ದು ನೆಲ ಅವಚಿಕೊಂಡ ಪೈಲ್ವಾನನನ್ನು ಮಗುಚುವುದು ಎಷ್ಟು ಕಷ್ಟವೆಂದು ಅವರಿಬ್ಬರೂ ಸೇರಿ ಮಗಳಿಗೆ ವಿವರಿ‌ಸಿದರು, ನನ್ನ ಪಕ್ಷದ ಯೋಧನೇ ಹೆಚ್ಚು ಉತ್ಸಾಹದಿಂದ. ಮಗಳು ಮೆಚ್ಚಿಕೊಂಡು, ಮಗುಚಲು ಹದಿನೇಳಾದರೂ ಬೀಳಬೇಕು ಎಂದು ನಿಯಮ ಮಾಡಿದಳು. ಅವನಿಗೆ ಒಂಬತ್ತು ಬಿತ್ತು, ಹನ್ನೆರಡು ಬಿತ್ತು. ಇನ್ನೂ ಇಪ್ಪತ್ತೈದು ನಿಮಿಷ ಉಳಿದಿತ್ತು. ಯಾವಾಗಲಾದರೂ ಒಂದು ಹದಿನೇಳು ಬಿದ್ದೇ ಬೀಳುತ್ತದೆ ಎಂದು ನಾನು ಧೈರ್ಯ ತಂದುಕೊಂಡೆ.

“ನಾ ಬೋರಲ ಬಿದ್ಕೊಂಡಿರ್ತೀನಿ, ನೀವು ನಡಸ್ರಿ,” ಎಂದು ಹೆಂಡತಿ ಮೇಜಿನಿಂದೆದ್ದು ಒಳಗೆ ಹೋದಳು.

ಸ್ಟೋರ್‌ಕೀಪರ್ ಮತ್ತೊಮ್ಮೆ ಉರುಳಿಸಿದ, ನಾಲ್ಕು. ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಕಾದ ಎಣ್ಣೆಗೆ ಹಿಟ್ಟು ಬೀಳುವ ಸದ್ದು. ಮೂವರ ತಲೆಯೂ ಒಟ್ಟಿಗೆ ಆ ಕಡೆ ತಿರುಗಿತು. ಸದ್ದಿನ ಹಿಂದೆಯೇ ವಾಸನೆ, ವಾಸನೆಯ ಹಿಂದೆಯೇ ಅವಳು. ಹಿಟ್ಟು ಕಲಸಿ, ಮೆಣಸಿನಕಾಯಿ ಸೀಳಿ ಮಧ್ಯಾಹ್ನವೇ ಸಿದ್ಧಮಾಡಿ ಇಟ್ಟಿದ್ದಳೆಂದು ತೋರುತ್ತದೆ. ಆರು ವಾರಗಳ ಮೇಲೆ ಭಜಿ ಮೇಜಿಗೆ ಬಂತು.

ಕಾಳಗ ನಡೆಯುತ್ತಲೇ ಇದೆ, ಹೊತ್ತು ನಿಲ್ಲುವುದಿಲ್ಲ ಎಂದು ಮಗಳು ಸ್ಪಷ್ಟವಾಗಿ ಹೇಳಿದಳು. ಅದನ್ನು ನಾವು ಕೇಳಲಿಲ್ಲ ಎಂದರೆ ತಪ್ಪಾಗುತ್ತದೆ. ವಿಮಾನದಲ್ಲಿ ಬೆಲ್ಟು ಕಟ್ಟುವ ವಿಧಾನ ಹೇಳುವಾಗ ಕೇಳುತ್ತೇವಲ್ಲ, ಹಾಗೆ ಕೇಳಿದೆವು. ಮೊದಲ ತಟ್ಟೆ ಖಾಲಿಯಾಗುವ ಮೊದಲೇ ಎರಡನೆಯದು ಬಂತು, ಅದರ ಜೊತೆ ಉಳ್ಳಾಗಡ್ಡಿ ಹಚ್ಚಿದ ಚುರಮುರಿ. ಕೊಂಕಣಿ ಸ್ನೇಹಿತರ ಇಸ್ತ್ರಿಯ ಅಂಗಿಯ ಮೇಲೆ ಎಣ್ಣೆ ಬಿತ್ತು, ಅವರು ನೋಡಲೂ ಇಲ್ಲ. ಸ್ಟೋರ್‌ಕೀಪರನ ಕಣ್ಣಲ್ಲಿ ಖಾರಕ್ಕೆ ನೀರು ಬಂದಿತ್ತು. “ಇನ್ನೊಂದ್ ನಾಲ್ಕ್ ತರ್ಲ್ಯಾ?” ಎಂದು ಬೋರಲು ಬಿದ್ದಿದ್ದ ಮುದುಕಿ ಅವನನ್ನು ಕೇಳಿದಳು. “ತರ್ರಿ ವೈನಿ,” ಎಂದ ಅವಳನ್ನು ಕೆಡವಬೇಕಾಗಿದ್ದವನು.

ಕಿಟಕಿಯ ಬೆಳಕು ಕೆಂಪಾದದ್ದನ್ನು ಮೊದಲು ಕಂಡವನು ನಾನು. “ಉಳ್ಳಸೋ, ಉಳ್ಳಸು,” ಎಂದೆ. ಅವನು ದಾಳಕ್ಕೆ ಕೈ ಚಾಚಿದ. ಮಗಳು ದಾಳವನ್ನು ಹಿಂದಕ್ಕೆ ಸರಿಸಿ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ತೋರಿಸಿದಳು. ಎಣ್ಣೆ ಕೈ. ಅವನು ಕೈತೊಳೆಯಲು ಓಡಿದ. ಮನೆಯಲ್ಲಿದ್ದದ್ದು ಒಂದೇ ವಾಶ್‌ಬೇಸಿನ್, ಅದರ ಮುಂದೆ ಕೊಂಕಣಿ ಸ್ನೇಹಿತರು ಅಂಗಿಯ ಕಲೆ ಉಜ್ಜುತ್ತ ನಿಂತಿದ್ದರು. ಲ್ಯಾಬಿನವರು ಕೈ ತೊಳೆಯುವುದನ್ನು ನೀವು ನೋಡಿರಬೇಕು, ಮೊಣಕೈಯಿಂದ ಶುರುಮಾಡುತ್ತಾರೆ. ಸ್ಟೋರ್‌ಕೀಪರ್ ತನ್ನ ಪಾಳಿ ಬಂದು, ಸೋಪು ಹಚ್ಚಿ, ತೊಳೆದು, ಪ್ಯಾಂಟಿಗೆ ಒರೆಸಿಕೊಳ್ಳುತ್ತ ಓಡಿ ಬಂದು ದಾಳ ಹಿಡಿದ ಹೊತ್ತಿಗೆ ಹಿಂದಿನ ಬೀದಿಯಿಂದ ಬಾಂಗು ಎದ್ದಿತು.

“ಖಲಾಸ್,” ಎಂದು ಮಗಳು ನೋಟ್‌ಬುಕ್ ಮುಚ್ಚಿದಳು.

ಹೆಂಡತಿ ದೇವರಿಗೆ ದೀಪ ಹಚ್ಚಿ ಬಂದಳು, ಎಂದಿನ ಹಾಗೆ. ಬಂದು ನನ್ನ ಕುರ್ಚಿಯ ಪಕ್ಕ ನಿಂತಳು. ಕಿಟಕಿಯ ಕಡೆಯ ಆ ಕುರ್ಚಿಯಲ್ಲಿ ಹನ್ನೊಂದು ವರ್ಷದಿಂದ ಬೇರೆ ಯಾರೂ ಕೂತಿರಲಿಲ್ಲ.

“ಏಳ್ರಿ,” ಎಂದಳು.

ಎದ್ದೆ.

ಸ್ನೇಹಿತರಿಬ್ಬರೂ ಹೋದ ಮೇಲೆ ಅವಳು ಉಪ್ಪಿನ ಡಬ್ಬಿಯ ಹಿಂದಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ನೀರಲ್ಲಿ ನೆನೆದು ಒಣಗಿದ ಕಾಗದ. ಸಂಚಿನ ಮೊದಲ ಕರಡು ನನ್ನದೇ ಅಕ್ಷರದಲ್ಲಿ: ಉಂಗುರ, ಕಟ್ಟೆ, ಕೆಳಗೆ ಭಜಿ ಎಂದು ಬರೆದು ಎರಡು ಗೆರೆ. ಅದನ್ನು ಕೆಲಸದ ಪ್ಯಾಂಟಿನ ಕಿಸೆಯಲ್ಲಿ ಮರೆತು ಒಗೆಯಲು ಹಾಕಿದ್ದೆ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು ಎಂಬುದನ್ನು ಯೋಚಿಸದೆ ಸಂಚು ಹೂಡಿದ ಬುದ್ಧಿವಂತ ನಾನು.

“ಭಜಿ ಬೇಕಂದ್ರ ಬಾಯಿ ಬಿಟ್ಟು ಕೇಳಬೇಕಾಗಿತ್ತು. ಮಾಡ್ತಿದ್ದೆ,” ಎಂದಳು. “ನೀವು ಭಜಿ ಸಲವಾಗಿ ನನ್ನ ಎಬ್ಬಸಾಕ ಹೋದ್ರಿ.”

ಅವಳ ದನಿಯಲ್ಲಿ ಸಿಟ್ಟಿದ್ದರೆ ನಾನು ಏನಾದರೂ ಹೇಳಿ ಜಗಳವಾಡುತ್ತಿದ್ದೆ. ಸಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. ತಟ್ಟೆಗಳನ್ನು ನಾನೇ ಎತ್ತಿದೆ.

ಮುಂದಿನ ಶುಕ್ರವಾರ ಸಹಿ ಹಾಕಿದ ಕಾಗದದ ಪ್ರಕಾರ ನಾನು ಅಡಿಗೆಮನೆಯಲ್ಲಿದ್ದೆ. ಹಿಟ್ಟು ತೆಳ್ಳಗಾಗಿತ್ತು, ಮೆಣಸಿನಕಾಯಿಗಳು ಎಣ್ಣೆಗೆ ಬಿದ್ದೊಡನೆ ಅಂಗಿ ಕಳಚಿ ಬರಿಮೈಯಲ್ಲಿ ತೇಲತೊಡಗಿದವು. ತಲೆಯ ಮೇಲೆ ಎಕ್ಸಾಸ್ಟ್ ಫ್ಯಾನು ಗರಗರ ತಿರುಗುತ್ತಿತ್ತು. ಆ ಸದ್ದಿನಲ್ಲಿ ಹೊರಗಿನ ಮಾತು ಒಂದೂ ಒಳಗೆ ಬರುವುದಿಲ್ಲ, ನಗು ಮಾತ್ರ ಬರುತ್ತದೆ ಎಂಬುದು ನನಗೆ ತಿಳಿದದ್ದು ಆಗ. ಎಲ್ಲರೂ ನಗುತ್ತಿದ್ದರು. ಸ್ಟೋರ್‌ಕೀಪರ್ ಮೇಜು ಕುಟ್ಟಿ ನಗುತ್ತಿದ್ದ, ಮಗಳಿಗೆ ಬಿಕ್ಕಳಿಕೆ ಬಂದಿತ್ತು. ಏನು ನಡೆಯಿತೆಂದು ಒಲೆಯ ಮುಂದಿನಿಂದ ತಿಳಿಯುವ ದಾರಿಯೇ ಇರಲಿಲ್ಲ.

“ಏನಾತು?” ಎಂದು ಕೂಗಿದೆ.

“ಏನಿಲ್ಲ, ಚಾ ತಗೊಂಡು ಬರ್ರಿ,” ಎಂದು ಕೂಗಿ ಹೇಳಿದಳು ನನ್ನ ಹೆಂಡತಿ ಹೊರಗಿನಿಂದ.

ಒಲೆ ಸಣ್ಣ ಮಾಡಿ ಚಹಾಕ್ಕೆ ನೀರಿಟ್ಟೆ. ಸಕ್ಕರೆ ಎಲ್ಲಿರುತ್ತದೆಂದು ಕೇಳಬೇಕೆನಿಸಿತು. ಹನ್ನೊಂದು ವರ್ಷ ಇದ್ದ ಮನೆ. ಕೇಳದೆ, ಒಂದೊಂದೇ ಡಬ್ಬಿ ತೆರೆದು ಹುಡುಕಿದೆ.